ಮಳಿಗೆಯಲ್ಲಿ ಜಾರಿಬಿದ್ದ ಪ್ರಕರಣ: ಕರ್ತವ್ಯಲೋಪ ಸಾಬೀತು ಮಾಡುವುದು ಹೇಗೆ?

ಕಿರಿಯ ವಕೀಲೆ:
ನಿರ್ಲಕ್ಷ್ಯದ ದಾವೆಯೊಂದಕ್ಕೆ ವಾದಪತ್ರ ಬರೆಯಬೇಕಿದೆ. ದೊಡ್ಡ ಮಳಿಗೆಯೊಂದರಲ್ಲಿ ನೆಲದ ಮೇಲೆ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಗ್ರಾಹಕಿ ಜಾರಿಬಿದ್ದಿದ್ದಾರೆ, ಮಣಿಕಟ್ಟು ಮುರಿದಿದೆ. ಗ್ರಾಹಕರ ಸುರಕ್ಷತೆ ನೋಡಿಕೊಳ್ಳುವ ಕರ್ತವ್ಯ ಮಳಿಗೆಯವರಿಗಿದೆ ಎಂಬುದಕ್ಕೆ ಯಾರ ತಕರಾರೂ ಇಲ್ಲ. ಗಾಯಕ್ಕೆ ವೈದ್ಯಕೀಯ ದಾಖಲೆ ಇದೆ. ಆದರೆ ಆ ಕರ್ತವ್ಯದಲ್ಲಿ ಲೋಪವಾಯಿತು ಎಂದು ತೋರಿಸುವುದೇ ಕಷ್ಟವಾಗಿದೆ. ಎಣ್ಣೆ ಯಾರು ಚೆಲ್ಲಿದರೋ, ಎಷ್ಟು ಹೊತ್ತು ಹಾಗೇ ಬಿದ್ದಿತ್ತೋ ಗೊತ್ತಿಲ್ಲ. ಮಳಿಗೆಯವರು "ನಾವು ನಿಯಮಿತವಾಗಿ ನೆಲ ಒರೆಸುತ್ತೇವೆ, ಇದು ಬರೀ ಆಕಸ್ಮಿಕ" ಅನ್ನುತ್ತಿದ್ದಾರೆ. ಘಟನೆಯೇ ನಿರ್ಲಕ್ಷ್ಯವನ್ನು ಹೇಳುತ್ತದೆ ಎಂಬ ರೆಸ್ ಇಪ್ಸಾ ಲೋಕ್ವಿಟರ್ ತತ್ವವೊಂದನ್ನೇ ನಂಬಿದರೆ ಸಾಕೇ?

ಸಿವಿಲ್ ಪಕ್ಷ:
ವಾದಪತ್ರದಲ್ಲಿ "ಪ್ರತಿವಾದಿಗಳು ಸಾಕಷ್ಟು ಎಚ್ಚರ ವಹಿಸಲಿಲ್ಲ" ಅನ್ನುವ ಸಾಲಿದ್ದರೆ ಮೊದಲು ಅದನ್ನು ಹೊಡೆದುಹಾಕಿ. ನ್ಯಾಯಾಧೀಶರು ಕೊನೆಗೆ ಕೊಡಬೇಕಾದ ತೀರ್ಮಾನ ಅದು, ನೀವು ಮಾಡಬೇಕಾದ ಆರೋಪ ಅದಲ್ಲ. ಯಾವ ಕೆಲಸ ಆಗಬೇಕಿತ್ತು, ಯಾರು ಮಾಡಬೇಕಿತ್ತು, ಎಷ್ಟು ಹೊತ್ತಿನೊಳಗೆ, ಮಾಡಿದ್ದರೆ ಈಕೆ ಬೀಳುತ್ತಿರಲಿಲ್ಲವೇ ಎಂಬುದನ್ನು ಒಂದೊಂದಾಗಿ ಹೆಸರಿಸಿ ಬರೆಯಿರಿ. ಉದಾಹರಣೆಗೆ: "ಎಣ್ಣೆ ಚೆಲ್ಲಿ ಕನಿಷ್ಠ 20 ನಿಮಿಷವಾಗಿತ್ತು. ಆ ಅವಧಿಯಲ್ಲಿ ಇಬ್ಬರು ಸಿಬ್ಬಂದಿ ಅದೇ ಸಾಲಿನಲ್ಲಿ ಹಾದುಹೋದರು. ಒರೆಸಲಿಲ್ಲ, ಎಚ್ಚರಿಕೆಯ ಫಲಕ ಇಡಲಿಲ್ಲ, ಯಾರಿಗೂ ತಿಳಿಸಲಿಲ್ಲ." ಇಷ್ಟು ಬರೆಯಬೇಕಾದರೆ ಸಾಕ್ಷ್ಯ ಮೊದಲು ಕೈಗೆ ಬರಬೇಕು.

ಎಲ್ಲಕ್ಕಿಂತ ತುರ್ತು ಸಿಸಿಟಿವಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಮುದ್ರಿತವಾಗುತ್ತಾ ಹೋಗುತ್ತದೆ. ಇವತ್ತೇ ನೋಟಿಸ್ ಕೊಡಿ. "ದೃಶ್ಯಾವಳಿ ಉಳಿಸಿ" ಎಂದಷ್ಟೇ ಬರೆದರೆ ಬಿದ್ದ ಒಂದು ನಿಮಿಷದ ತುಣುಕು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೀಳುವ ಮೊದಲಿನ ಎರಡು ಗಂಟೆ, ಆಮೇಲಿನ ಅರ್ಧ ಗಂಟೆ, ಆ ಸಾಲಿಗೆ ಮುಖ ಮಾಡಿದ ಎಲ್ಲ ಕ್ಯಾಮೆರಾ ಎಂದು ನಮೂದಿಸಿ. ನೋಟಿಸ್ ತಲುಪಿದ ಮೇಲೂ ಅಳಿಸಿದರೆ ಅವರ ವಿರುದ್ಧವೇ ಊಹೆ ಮಾಡಿಕೊಳ್ಳಿ ಎಂದು ನ್ಯಾಯಾಲಯವನ್ನು ಕೇಳಬಹುದು.

ಎರಡನೆಯದು ಶುಚಿತ್ವದ ರಿಜಿಸ್ಟರು. ನಕಲು ಸಾಲದು, ಮೂಲವನ್ನೇ ಹಾಜರುಪಡಿಸಲು ಕೇಳಿ. 10:00, 10:30, 11:00 ಎಂದು ಕರಾರುವಾಕ್ಕಾದ ಹೊತ್ತಿಗೆ, ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇಡೀ ದಿನದ ಸಹಿ ಬಿದ್ದಿದ್ದರೆ ದಿನದ ಕೊನೆಗೆ ಕೂತು ತುಂಬಿದ್ದಾರೆ ಎಂಬ ಅನುಮಾನಕ್ಕೆ ಅದೇ ಸಾಕು. ಸಹಿಯ ಹೊತ್ತನ್ನು ಕ್ಯಾಮೆರಾದ ಹೊತ್ತಿನ ಪಕ್ಕದಲ್ಲಿಟ್ಟು ನೋಡಿ. ಒರೆಸಿದ್ದೇವೆ ಎಂದಿರುವ ಸಮಯದಲ್ಲಿ ದೃಶ್ಯದಲ್ಲಿ ಒರೆಸುವವರೇ ಇಲ್ಲದಿದ್ದರೆ ಪಾಟೀಸವಾಲಿಗೆ ಬೇರೇನೂ ಬೇಡ. ಆದರೆ ಕ್ಯಾಮೆರಾದ ಗಡಿಯಾರ ಸರಿಯಿತ್ತೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹತ್ತು ನಿಮಿಷದ ವ್ಯತ್ಯಾಸ ಇಡೀ ವಾದವನ್ನು ತಲೆಕೆಳಗು ಮಾಡುತ್ತದೆ.

ಬಿದ್ದ ಜಾಗದ ಫೋಟೋ ಇದ್ದರೆ ದೊಡ್ಡದು ಮಾಡಿ ನೋಡಿ. ಎಣ್ಣೆಯ ಮೇಲೆ ತಳ್ಳುಗಾಡಿಯ ಗಾಲಿಯ ಗೆರೆ, ಬೇರೆಯವರ ಚಪ್ಪಲಿಯ ಗುರುತು, ಅಂಚಿಗೆ ಹತ್ತಿದ ಧೂಳು ಕಂಡರೆ ಎಣ್ಣೆ ಆಗತಾನೇ ಚೆಲ್ಲಿದ್ದಲ್ಲ ಎನ್ನಲು ಆಧಾರ ಸಿಕ್ಕಿತು. ಆಕೆಯ ಪಾದರಕ್ಷೆಯನ್ನು ತೊಳೆಯದೆ ಕಾಗದದ ಚೀಲದಲ್ಲಿ ತೆಗೆದಿಡಲು ಹೇಳಿ. ಸವೆದ ಅಟ್ಟೆಯಿಂದ ಜಾರಿದ್ದು ಎಂಬ ವಾದ ಬಂದೇ ಬರುತ್ತದೆ.

ಟಾರ್ಟ್ಸ್ ಪಾಠ:
ರೆಸ್ ಇಪ್ಸಾ ಬಗ್ಗೆ: 1863ರ ಬರ್ನ್ ವಿರುದ್ಧ ಬೋಡಲ್ ಪ್ರಕರಣದಲ್ಲಿ ಮೇಲಿನ ಕಿಟಕಿಯಿಂದ ಹಿಟ್ಟಿನ ಪೀಪಾಯಿ ದಾರಿಹೋಕನ ಮೇಲೆ ಬಿತ್ತು. ಪೀಪಾಯಿ ಪೂರ್ತಿ ವ್ಯಾಪಾರಿಯ ಹತೋಟಿಯಲ್ಲಿತ್ತು, ಎಚ್ಚರ ತಪ್ಪದೆ ಅದು ಬೀಳುವಂಥದ್ದಲ್ಲ. ಮಳಿಗೆಯ ನೆಲ ಹಾಗಲ್ಲ. ಇನ್ನೊಬ್ಬ ಗ್ರಾಹಕನೂ ಎಣ್ಣೆ ಚೆಲ್ಲಿರಬಹುದು. ಹತೋಟಿಯ ಷರತ್ತು ಅಲ್ಲೇ ಸಡಿಲವಾಗುತ್ತದೆ. ನಿರ್ದಿಷ್ಟ ಲೋಪಗಳನ್ನು ಮುಂದಿಟ್ಟು, ಈ ತತ್ವವನ್ನು ಪರ್ಯಾಯವಾಗಿ ಮಾತ್ರ ಸೇರಿಸಿ.

ನಿಮಗೆ ಹೆಚ್ಚು ಒದಗುವುದು 1976ರ ವಾರ್ಡ್ ವಿರುದ್ಧ ಟೆಸ್ಕೋ. ಅಲ್ಲಿ ಮೊಸರು ಚೆಲ್ಲಿತ್ತು, ಎಷ್ಟು ಹೊತ್ತಿನಿಂದ ಎಂಬುದು ಅಲ್ಲೂ ಗೊತ್ತಿರಲಿಲ್ಲ. ಆ ಮಳಿಗೆಯಲ್ಲಿ ಹೀಗೆ ಚೆಲ್ಲುವುದು ಆಗಾಗ ನಡೆಯುತ್ತಿತ್ತು. ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಸಾಕ್ಷ್ಯವನ್ನು ಮಳಿಗೆಯೇ ಕೊಡಬೇಕು, ಕೊಡಲಿಲ್ಲ ಎಂದು ಬಹುಮತದ ತೀರ್ಪು ಬಂತು. ಭಿನ್ನ ತೀರ್ಪೂ ಇದೆ, ಎದುರಿನವರು ಅದನ್ನೇ ಓದುತ್ತಾರೆ, ನೀವೂ ಓದಿಕೊಂಡಿರಿ. ಇಂಗ್ಲೆಂಡಿನ ಹೊರಗೆ ಈ ತೀರ್ಪಿಗೆ ಮನವೊಲಿಸುವ ಬಲವಷ್ಟೇ ಇದೆ. ಹಿಂದೆ ಎಷ್ಟು ಸಲ ಚೆಲ್ಲಿತ್ತು, ಎಷ್ಟು ಜನ ಜಾರಿದ್ದರು ಎಂಬ ಅಪಘಾತ ಪುಸ್ತಕವನ್ನು ಕೇಳುವುದು ಇದಕ್ಕಾಗಿಯೇ.

ಅಪಾಯ ಎಷ್ಟು ಸಂಭವನೀಯ, ಸಂಭವಿಸಿದರೆ ಎಷ್ಟು ಗಂಭೀರ, ತಡೆಯಲು ಎಷ್ಟು ಖರ್ಚು ಎಂಬ ತೂಗಾಟವನ್ನೂ ನಿಮ್ಮ ಸಂಗತಿಗಳಿಗೆ ಹೊಂದಿಸಿ. 1951ರ ಬೋಲ್ಟನ್ ವಿರುದ್ಧ ಸ್ಟೋನ್‌ನಲ್ಲಿ ಸುಮಾರು 30 ವರ್ಷದಲ್ಲಿ ಸುಮಾರು ಆರು ಸಲವಷ್ಟೇ ಚೆಂಡು ಕ್ರಿಕೆಟ್ ಮೈದಾನದಿಂದ ರಸ್ತೆಗೆ ಬಿದ್ದಿತ್ತು, ಕ್ಲಬ್ಬಿನದು ಲೋಪವಲ್ಲ ಎಂದಾಯಿತು. ಅದೇ ವರ್ಷದ ಪ್ಯಾರಿಸ್ ವಿರುದ್ಧ ಸ್ಟೆಪ್ನಿಯಲ್ಲಿ ಕೆಲಸಗಾರನಿಗೆ ಒಂದೇ ಕಣ್ಣು ಕಾಣುತ್ತಿತ್ತು. ಅದು ಹೋದರೆ ಪೂರ್ತಿ ಕುರುಡು. ಹಾಗಾಗಿ ಅವನಿಗೆ ರಕ್ಷಣಾ ಕನ್ನಡಕ ಕೊಡದಿದ್ದದ್ದು ಲೋಪ. ನಿಮ್ಮಲ್ಲಿ ತಡೆಯುವ ಖರ್ಚು ಒಂದು ಬಟ್ಟೆ, ಒಂದು ಫಲಕ, ಎರಡು ನಿಮಿಷ. "ಪ್ರತಿ ಸಾಲಿಗೂ ಒಬ್ಬ ಕಾವಲುಗಾರ ಇರಬೇಕಿತ್ತು" ಎಂದು ಮಾತ್ರ ಬರೆಯಬೇಡಿ. 1953ರ ಲ್ಯಾಟಿಮರ್ ಪ್ರಕರಣವನ್ನು ಎದುರಿನವರ ಕೈಗೆ ನೀವೇ ಕೊಟ್ಟಂತೆ. ಪ್ರವಾಹದಿಂದ ಜಾರುತ್ತಿದ್ದ ಕಾರ್ಖಾನೆಯ ನೆಲಕ್ಕೆ ಮಾಲೀಕರು ಮರದ ಪುಡಿ ಹಾಕಿದ್ದರು, ಕಾರ್ಖಾನೆಯನ್ನೇ ಮುಚ್ಚುವ ಅಗತ್ಯವಿರಲಿಲ್ಲ ಎಂದಿತು ತೀರ್ಪು.

ಕಿರಿಯ ವಕೀಲೆ:
ಇಬ್ಬರಿಗೂ ಧನ್ಯವಾದ. ಇನ್ನೆರಡು ಸಂದೇಹ. ಗಂಟೆಗೊಮ್ಮೆ ಒರೆಸುವುದು ಎಲ್ಲ ಮಳಿಗೆಗಳ ರೂಢಿ, ಅಷ್ಟು ಸಾಕು ಅನ್ನುತ್ತಿದ್ದಾರೆ. ಮತ್ತೆ, ಆಕೆ ಬಿದ್ದ ಮರುವಾರ ಅಲ್ಲಿ ಜಾರದ ಚಾಪೆ ಹಾಕಿದ್ದಾರೆ. ಅದನ್ನು ತಪ್ಪೊಪ್ಪಿಗೆ ಎನ್ನಬಹುದೇ?

ಸಿವಿಲ್ ಪಕ್ಷ:
ರೂಢಿ ಒಂದು ಸಾಕ್ಷ್ಯ, ಅಷ್ಟೇ. ಎಲ್ಲರೂ ಮಾಡುವುದೇ ಅಸಮರ್ಪಕವಾಗಿರಬಹುದು. 1957ರ ಬೋಲಮ್ ಪರೀಕ್ಷೆಯನ್ನು (ಆ ವೃತ್ತಿಯ ಜವಾಬ್ದಾರಿಯುತ ತಜ್ಞರ ಒಂದು ಗುಂಪಿನ ಅಭಿಪ್ರಾಯದಲ್ಲಿ ಸರಿಯೆನಿಸಿದ ರೀತಿಯಲ್ಲಿ ನಡೆದುಕೊಂಡರೆ ಲೋಪವಲ್ಲ ಎಂಬುದನ್ನು) ಎತ್ತಿದರೆ, ಅದು ವೃತ್ತಿಪರ ಕೌಶಲ ಬೇಕಾದ ಕೆಲಸಕ್ಕೆ ಎಂದು ಹೇಳಿ. ಅಲ್ಲಿಯೂ ಆ ಅಭಿಪ್ರಾಯ ತರ್ಕಕ್ಕೆ ನಿಲ್ಲಬೇಕು ಎಂದು 1997ರ ಬೊಲಿತೊ ತೀರ್ಪು ಸೇರಿಸಿದೆ. ಎಣ್ಣೆ ಒರೆಸುವುದಕ್ಕೆ ತಜ್ಞರ ಪಂಥಗಳಿಲ್ಲ. ಅವರದೇ ಲಿಖಿತ ಕೈಪಿಡಿಯಲ್ಲಿ "ಅರ್ಧ ಗಂಟೆಗೊಮ್ಮೆ" ಎಂದಿದೆಯೇ ನೋಡಿ. ಇದ್ದರೆ ಹೊರಗಿನ ರೂಢಿಯ ಮಾತು ಅಲ್ಲೇ ದುರ್ಬಲವಾಗುತ್ತದೆ.

ಚಾಪೆಯನ್ನು ತಪ್ಪೊಪ್ಪಿಗೆ ಎನ್ನಬೇಡಿ. ಮುಂದಿನವರು ಬೀಳದಿರಲಿ ಎಂದು ಸರಿಪಡಿಸಿದವರನ್ನು ಅದಕ್ಕೇ ಶಿಕ್ಷಿಸಲು ನ್ಯಾಯಾಲಯಗಳು ಹಿಂಜರಿಯುತ್ತವೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 407 ನಿರ್ಲಕ್ಷ್ಯ ತೋರಿಸಲು ಅದನ್ನು ಬಳಸಲೇ ಬಿಡುವುದಿಲ್ಲ. ಆದರೆ ಅವರು "ಚಾಪೆ ಹಾಕಲು ಸಾಧ್ಯವೇ ಇರಲಿಲ್ಲ" ಎಂದು ವಾದಿಸಿದರೆ ಆಗ ಹೊರತೆಗೆಯಿರಿ.

ಟಾರ್ಟ್ಸ್ ಪಾಠ:
ಒಂದು ಸೇರಿಸುತ್ತೇನೆ. ವಾದಪತ್ರ ಅಂತಿಮಗೊಳಿಸುವ ಮೊದಲು ದೃಶ್ಯಾವಳಿ ನೋಡಲು ಏನೆಲ್ಲಾ ಮಾಡಬಹುದೋ ಮಾಡಿ. ಎಣ್ಣೆಯ ಬಾಟಲಿ ಆಕೆ ಬೀಳುವ 40 ಸೆಕೆಂಡ್ ಮೊದಲು ಒಡೆದದ್ದು ಕಂಡರೆ, ರಿಜಿಸ್ಟರು ಪೂರ್ತಿ ಸುಳ್ಳಾಗಿದ್ದರೂ ಪ್ರಯೋಜನವಿಲ್ಲ. ಗಂಟೆಗೆ ನಾಲ್ಕು ಸಲ ಒರೆಸಿದ್ದರೂ ಆಕೆ ಬೀಳುತ್ತಿದ್ದರು. ಲೋಪ ಇದ್ದೂ ಅದರಿಂದ ಗಾಯವಾಗಲಿಲ್ಲ ಎಂದಾಗುತ್ತದೆ. ಆಗ ಉಳಿಯುವ ಪ್ರಶ್ನೆ ಆ ಬಾಟಲಿಗಳನ್ನು ಎಷ್ಟು ಎತ್ತರದಲ್ಲಿ, ಹೇಗೆ ಜೋಡಿಸಿದ್ದರು ಎಂಬುದು. ಅದು ಬೇರೆಯದೇ ಆರೋಪ, ಅದಕ್ಕೆ ಬೇರೆಯದೇ ಸಾಕ್ಷಿ ಬೇಕು.