ಕೂಸು ಫಿನಾಯಿಲ್ ಕುಡದ್ರ, ಹಿರೇರು ನಿದ್ದಿ ಗುಳಿಗಿ ಜಾಸ್ತಿ ನುಂಗಿದ್ರ ಏನ್ ಮಾಡೀರಿ? ಅನುಭವ ಇದ್ದೋರು ಹೇಳ್ರಿ

ಧಾರವಾಡದಿಂದ, ಕೇಳಿದಾಕಿ:

ಮೊನ್ನೆ ಸಂಜಿಕ ನಮ್ಮ ಎರಡೂವರಿ ವರ್ಷದ ಮಗಳು ಬಚ್ಚಲದಾಗಿನ ಫಿನಾಯಿಲ್ ಬಾಟ್ಲಿ ಬಾಯಿಗೆ ಹಚ್ಚಿದ್ಲು. ಎಷ್ಟು ಒಳಗ ಹೋತೋ ಗೊತ್ತಿಲ್ಲ, ಅಂಗಿ ಮ್ಯಾಲೆ ಚೆಲ್ಲಿತ್ತು, ಬಾಯಾಗ ವಾಸನಿ ಹೊಡೀತಿತ್ತು. ನಮ್ಮತ್ತಿ ವಾಂತಿ ಮಾಡಸೂಣು ಅಂತ ಉಪ್ಪಿನ ನೀರು ಕಲಸ್ಕೊಂಡು ಬಂದ್ರು, ನಾ ಬ್ಯಾಡ ಅಂದೆ, ಯಾಕ ಬ್ಯಾಡ ಅಂದ್ರ ಹೇಳಾಕ ನನಗೂ ಬರಲಿಲ್ಲ. ದವಾಖಾನ್ಯಾಗ ರಾತ್ರಿಪೂರ್ತಿ ಇಟ್ಕೊಂಡು ನೋಡಿ ಮುಂಜಾನಿ ಕಳಿಸ್ಯಾರ, ಆರಾಮ ಅದಾಳ. ಆದ್ರ ನನಗ ಇನ್ನೂ ಕೈ ನಡಗೂದು ನಿಂತಿಲ್ಲ. ಮನ್ಯಾಗ ಮಾವನೋರು ನಿದ್ದಿ ಗುಳಿಗಿ ತಗೋತಾರ, ಅವು ಟಿವಿ ಸ್ಟ್ಯಾಂಡ್ ಮ್ಯಾಲೇ ಇರ್ತಾವ. ಇಂಥಾದ್ದು ಆದಾಗ ಮೊದಲ ಏನ್ ಮಾಡಬೇಕು, ಏನ್ ಮಾಡಬಾರದು, ಏನ್ ನೋಡಿ ಗುರ್ತು ಹಿಡೀಬೇಕು? ನಿಮ್ಮ ಮನ್ಯಾಗ ಆಗಿದ್ರ ಹೇಳ್ರಿ.

ಗದಗದಿಂದ:

ಅಕ್ಕಾ, ನೀವು ಉಪ್ಪಿನ ನೀರು ಕುಡಸ್ಲಿಲ್ಲಲ್ಲ, ದೊಡ್ಡ ಕೆಲಸ ಮಾಡೀರಿ. ನಾವು ಮಾಡಿದ ತಪ್ಪು ಹೇಳ್ತೀನಿ. ನಮ್ಮ ಸಣ್ಣಾಂವ ಆಗ ಒಂದೂವರಿ ವರ್ಷದಾಂವ, ಮನ್ಯಾಗ ಮದುವಿ ಗದ್ದಲ, ಯಾರೋ ಚಿಮಣಿ ಎಣ್ಣಿ (ಸೀಮೆಎಣ್ಣಿ) ನೀರಿನ ಬಾಟ್ಲಿಗೆ ಹಾಕಿ ಒಲಿ ಹತ್ರ ಇಟ್ಟಿದ್ರು, ಇಂವ ನೀರಂತ ಕುಡದ. ಒಂದು ಗುಟುಕು ಇರಬೇಕು, ಅಷ್ಟ. ನಮ್ಮ ದೊಡ್ಡವ್ವ ಗಂಟಲಾಗ ಬಟ್ಟು ಹಾಕಿ ವಾಂತಿ ಮಾಡಿಸಿದ್ಲು, ಎಲ್ಲಾರೂ ಛಲೋ ಆತು ಹೊರಗ ಬಂತು ಅಂದ್ರು. ಅರ್ಧ ತಾಸಿನ್ಯಾಗ ಕೆಮ್ಮ ಚಾಲೂ ಆತು, ರಾತ್ರಿ ಅನ್ನೂದ್ರೊಳಗ ಜ್ವರ, ಪಕ್ಕಡಿ ಒಳಗ ಹೋಗೂ ಹಂಗ ಉಸರಾಡಾಕ ಹತ್ತಿದ. ಡಾಕ್ಟರ್ ಹೇಳಿದ್ದು ಇನ್ನೂ ಕಿವ್ಯಾಗ ಐತಿ, ಚಿಮಣಿ ಎಣ್ಣಿ ಹೊಟ್ಟ್ಯಾಗ ಇದ್ರ ಅಷ್ಟು ತ್ರಾಸ ಇಲ್ಲ, ಪುಪ್ಪಸಕ್ಕ ಹೋದ್ರನ ತ್ರಾಸ, ನೀವು ವಾಂತಿ ಮಾಡಿಸಿ ಅದನ್ನ ಮ್ಯಾಲೆ ತಂದು ಪುಪ್ಪಸಕ್ಕ ಕಳಿಸೀರಿ ಅಂತ. ನ್ಯುಮೋನಿಯಾ ಆಗಿ ಆರು ದಿನ ಆಕ್ಸಿಜನ್ ಮ್ಯಾಲೆ ಇದ್ದ. ಪೆಟ್ರೋಲ್, ಥಿನ್ನರ್, ಟರ್ಪೆಂಟೈನ್ ಎಲ್ಲಾಕ್ಕೂ ಇದ ಮಾತಂತ. ಕೂಸು ಆಡಾಕತ್ತೈತಿ ಅಂತ ಮನ್ಯಾಗ ಕುಂದರಬ್ಯಾಡ್ರಿ, ಕೆಮ್ಮ ತಡಾ ಮಾಡಿ ಬರಬಹುದು, ಕಡಿಮಿ ಅಂದ್ರ ಆರು ತಾಸು ದವಾಖಾನ್ಯಾಗ ಇಟ್ಟ ನೋಡ್ತಾರ.

ಹುಬ್ಬಳ್ಳಿಯಿಂದ, ನರ್ಸ್:

ನಾ ಕ್ಯಾಜುವಾಲ್ಟಿಯೊಳಗ ಭಾಳ ವರ್ಷ ಡ್ಯೂಟಿ ಮಾಡೀನಿ, ಸ್ವಲ್ಪ ಉದ್ದ ಆಗತೈತಿ, ಓದ್ರಿ.

ನೀವು ಬಾಗಲಾಗ ಬಂದ ಕೂಡಲೇ ನಾವು ಕೇಳೂದು, ಏನ್ ತಗೊಂಡಾರ, ಎಷ್ಟು, ಎಷ್ಟು ಗಂಟೇಕ್ಕ, ಕೂಸಾದ್ರ ತೂಕ ಎಷ್ಟು, ವಾಂತಿ ಆಗೇತೇನು. ಹತ್ತರಾಗ ಎಂಟು ಮಂದಿ "ಅದ ಆ ನೀಲಿ ಬಾಟ್ಲಿ ರೀ" ಅಂತಾರ. ನೀಲಿ ಬಾಟ್ಲ್ಯಾಗ ಆಸಿಡ್ಡೂ ಬರತೈತಿ, ಬ್ಲೀಚೂ ಬರತೈತಿ. ಬಾಟ್ಲಿ ತರ್ರಿ, ಖಾಲಿ ಸ್ಟ್ರಿಪ್ ತರ್ರಿ, ಕಸದ ಬುಟ್ಟ್ಯಾಗ ಬಿದ್ದಿದ್ರೂ ಆರಿಸ್ಕೊಂಡು ತರ್ರಿ. ಸ್ಟ್ರಿಪ್ಪಿನ್ಯಾಗ ಎಷ್ಟು ಗುಳಿಗಿ ಉಳದಾವ ಅನ್ನೂದರ ಮ್ಯಾಲೆ ನಮಗ ಅರ್ಧ ಲೆಕ್ಕ ಸಿಗತೈತಿ.

ಸಂಡಾಸ ತೊಳಿಯೋ ಲಿಕ್ವಿಡ್ಡಿನ್ಯಾಗ ಬಹುತೇಕ ಹೈಡ್ರೋಕ್ಲೋರಿಕ್ ಆಸಿಡ್ ಇರತೈತಿ, ಡ್ರೇನೇಜ್ ಪುಡಿ ಅಂದ್ರ ಕಾಸ್ಟಿಕ್ ಸೋಡಾ. ಇವು ಹೋಗೂ ದಾರಿ ಪೂರಾ ಸುಟ್ಕೊಂತ ಹೋಗ್ತಾವ, ವಾಂತಿ ಮಾಡಿಸಿದ್ರ ಎರಡನೇ ಸರ್ತಿ ಸುಡ್ತಾವ. ಜೊಲ್ಲು ಸುರಸೂದು, ನುಂಗಾಕ ಆಗದ ಅಳೂದು, ತುಟಿ ನಾಲಿಗಿ ಬೆಳ್ಳಗ ಆಗೂದು, ದನಿ ಬೀಳೂದು ನೋಡ್ರಿ. ಬಾಯಾಗ ಏನೂ ಕಾಣಲಿಲ್ಲ ಅಂದ್ರೂ ಅನ್ನನಾಳ ಸುಟ್ಟಿರಬಹುದು, ಅದಕ್ಕ 24 ತಾಸಿನೊಳಗ ಎಂಡೋಸ್ಕೋಪಿ ಮಾಡ್ರಿ ಅಂತ ಡಾಕ್ಟರ್ ಹೇಳಿದ್ರ ಇಲ್ಲ ಅನ್ನಬ್ಯಾಡ್ರಿ. ಮೂರ್ನಾಕು ವಾರ ಆದಮ್ಯಾಲೆ ಅನ್ನನಾಳ ಕುಗ್ಗಿ ರೊಟ್ಟಿ ತುಣುಕು ಇಳೀದ ಹಂಗ ಆಗಿ ಬಂದೋರನ್ನ ನೋಡೀನಿ. ಆಸಿಡ್ಡಿಗೆ ಸೋಡಾ, ಕಾಸ್ಟಿಕ್ಕಿಗೆ ನಿಂಬಿಹಣ್ಣು ಅಂತ ಉಪಾಯ ಹೇಳ್ತಾರ, ಅವೆರಡೂ ಕೂಡಿದ್ರ ಕಾವು ಹುಟ್ಟತೈತಿ, ಸುಟ್ಟಿದ್ದ ಮತ್ತಷ್ಟು ಸುಡತೈತಿ. ಬಾಯಿ ತೊಳೀರಿ, ಕಣ್ಣಿಗೆ ಬಿದ್ದಿದ್ರ ಹರಿಯೋ ನೀರಾಗ 20 ಮಿನಿಟ್ ತೊಳೀರಿ, ಅಂಗಿ ತಗೀರಿ, ಹೊರಡ್ರಿ.

ಇನ್ನ ಮಂದಿ ನಮ್ಮ ಜೋಡಿ ಜಗಳ ಆಡೂದು ಒಂದಕ್ಕ, "ಹೊಟ್ಟಿ ಯಾಕ ತೊಳ್ಯಾವಲ್ರಿ?" ಅಂತ. ಆಸಿಡ್, ಕಾಸ್ಟಿಕ್, ಚಿಮಣಿ ಎಣ್ಣಿ ಕುಡದೋರಿಗೆ ನಳಗಿ ಹಾಕಿ ತೊಳದ್ರ ಜೀವಕ್ಕ ಅಪಾಯ. ಗುಳಿಗಿ ನುಂಗಿದ್ರೂ ಈಗ ತೊಳಿಯೂದು ಭಾಳ ಕಡಿಮಿ. ಕರಿ ಇದ್ಲಿ ಪುಡಿ, ಆಕ್ಟಿವೇಟೆಡ್ ಚಾರ್ಕೋಲ್ ಅಂತೀವಿ, ಅದು ಮೊದಲನೇ ತಾಸಿನ್ಯಾಗ ಛಲೋ ಕೆಲಸ ಮಾಡತೈತಿ, ಅದೂ ಪೇಷಂಟ್ ಎಚ್ಚರ ಇದ್ರ. ಅದಕ್ಕ ಮೊದಲು ಊರಾಗಿನ ಯಾರದೋ ಕಡೆ ಹಾಲು ತುಪ್ಪ ಹುಣಸಿನೀರು ಕುಡಿಸ್ಕೊಂಡು ಬರೂದರಾಗ ಆ ತಾಸು ಕಳಕೋಬ್ಯಾಡ್ರಿ. ನಮ್ಮ ಊರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಐತಿ, ಗದಗಿಗೆ ಜಿಮ್ಸ್, ಹಾವೇರಿಗೆ ಜಿಲ್ಲಾ ಆಸ್ಪತ್ರಿ. 108ಕ್ಕ ಫೋನ್ ಮಾಡ್ರಿ. ದಿಲ್ಲಿ ಏಮ್ಸ್‌ದೊಳಗ ವಿಷದ ಮಾಹಿತಿ ಕೇಂದ್ರ ಐತಿ, ನಂಬರ್ 1800 116 117, ರಾತ್ರಿ ಹಗಲು ಎತ್ತತಾರ, ಹಳ್ಳಿ ಡಾಕ್ಟರೂ ಮಾಡಿ ಕೇಳಬಹುದು.

ಧಾರವಾಡ, ಸಪ್ತಾಪುರ ಕಡೆಯಿಂದ:

ನಿದ್ದಿ ಗುಳಿಗಿ ಸಂಗತಿ ನಾ ಹೇಳ್ತೀನಿ. ನಮ್ಮ ಅಪ್ಪಾ ಕ್ಲೋನಾಜೆಪಾಮ್ ತಗೋತಿದ್ರು, ಮರವು ಜಾಸ್ತಿ, ತಗೊಂಡಿದ್ದ ಮರತು ಮತ್ತ ತಗೊಂಡಾರ, ಆಮ್ಯಾಲೆ ಬೆನ್ನು ನೋವಂತ ಟ್ರಮಡಾಲ್ ಬ್ಯಾರೆ. ಮಧ್ಯಾಹ್ನ ಗೊರಕಿ ಕೇಳಿ ಅವ್ವ "ಇವತ್ತರೆ ಛಲೋ ನಿದ್ದಿ ಹತ್ತೇತಿ" ಅಂದ್ಲು. ಆ ಮಾತು ನೆನಸ್ಕೊಂಡ್ರ ಈಗೂ ಹೊಟ್ಟ್ಯಾಗ ಕಲಸತೈತಿ. ಅದು ನಿದ್ದಿ ಗೊರಕಿ ಅಲ್ರಿ, ನಾಲಿಗಿ ಹಿಂದ ಬಿದ್ದು ಉಸರಿನ ದಾರಿ ಕಟ್ಟಿದ್ದ ಸಪ್ಪಳ. ಅಳ್ಳಾಡಿಸಿದ್ರ ಹೂಂ ಅಂತಿದ್ರು, ಮಾತು ತೊದಲ್ತಿತ್ತು, ಆಮ್ಯಾಲೆ ಅದೂ ಇಲ್ಲ. ತುಟಿ ನೀಲಿ. ಪಕ್ಕದ ಮನಿ ಹುಡುಗ ಎಡ ಮಗ್ಗಲಕ್ಕ ಹೊಳ್ಳಿಸಿ ಗದ್ದ ಮ್ಯಾಲೆ ಎತ್ತಿದ, ಗೊರಕಿ ನಿಂತ್ವು, ಉಸರು ಸಲೀಸ ಆತು. ಆ ಹುಡುಗ ಅಷ್ಟು ಮಾಡದಿದ್ರ ಏನಾಗತಿತ್ತೋ. ಆಂಬುಲೆನ್ಸ್ ಬರೂತನ ಅಂವ ಎದಿ ನೋಡ್ಕೊಂತ ಉಸರು ಎಣಿಸಿದ, ಮಿನಿಟಿಗೆ ಎಂಟು.

ನರ್ಸ್ ಅಕ್ಕಾರ, ಇದಕ್ಕ ಉಲ್ಟಾ ಇಂಜೆಕ್ಷನ್ ಐತಿ ಅಂತಾರ, ಅಪ್ಪಾಗ ಒಂದು ಕೊಟ್ರು ಒಂದು ಕೊಡಲಿಲ್ಲ, ಯಾಕ?

ಹುಬ್ಬಳ್ಳಿಯಿಂದ, ನರ್ಸ್:

ಕೊಟ್ಟಿದ್ದು ನಲಾಕ್ಸೋನ್ ಇರಬೇಕು, ಟ್ರಮಡಾಲ್, ಮಾರ್ಫಿನ್ ಜಾತಿ ಔಷಧಕ್ಕ ಅದು. ಕ್ಲೋನಾಜೆಪಾಮ್, ಅಲ್ಪ್ರಾಜೋಲಾಮಕ್ಕ ಫ್ಲುಮಾಜೆನಿಲ್ ಅಂತ ಐತಿ, ಆದ್ರ ದಿನಾ ಆ ಗುಳಿಗಿ ತಗೊಂಡು ರೂಢಿ ಆದೋರಿಗೆ ಕೊಟ್ರ ಫಿಟ್ಸ್ ಬರಬಹುದು, ಟ್ರಮಡಾಲೂ ಫಿಟ್ಸ್ ತರಸೋ ಔಷಧ, ಅದಕ್ಕ ಕೊಟ್ಟಿಲ್ಲ. ಖರೇ ಚಿಕಿತ್ಸೆ ಅಂದ್ರ ಉಸರು ಕಾಯೂದು, ಆಕ್ಸಿಜನ್, ಬೇಕಾದ್ರ ನಳಗಿ, ವೆಂಟಿಲೇಟರ್. ಔಷಧ ಇಳಿಯೂತನ ಉಸರು ಹಿಡದ್ರ ಹೆಚ್ಚಿನ ಮಂದಿ ಉಳೀತಾರ. ಬರೇ ನಿದ್ದಿ ಗುಳಿಗಿಕಿಂತ ಅದರ ಜೋಡಿ ದಾರೂ ಇಲ್ಲಾ ಟ್ರಮಡಾಲ್ ಕೂಡಿದಾಗ ಉಸರು ನಿಲ್ಲತೈತಿ. ಮಂಪರಿನ್ಯಾಗ ಇದ್ದೋರ ಬಾಯಿಗೆ ನೀರು, ಕಾಫಿ ಏನೂ ಹಾಕಬ್ಯಾಡ್ರಿ.

ಹಾವೇರಿ ಜಿಲ್ಲೆ, ಬ್ಯಾಡಗಿ ಹತ್ರದಿಂದ:

ನಮ್ಮ ಕಡೆ ಮೆಣಸಿನಕಾಯಿ, ಹತ್ತಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ಮನ್ಯಾಗ ಇರತೈತಿ, ಅದನ್ನೂ ಹೇಳಬೇಕು. ನಮ್ಮ ಮನಿಯವ್ರು ಗಾಳಿಗೆ ಎದುರು ನಿಂತು ಹೊಡದು ಬಂದು ಅದ ಅಂಗ್ಯಾಗ ಕುಂತಿದ್ರು. ಬೆವರು, ಬಾಯಾಗ ನೊರಿ, ವಾಂತಿ, ಕಣ್ಣಿನ ಪಾಪಿ ಸೂಜಿಮೊನಿ ಹಂಗ ಸಣ್ಣ ಆಗಿತ್ತು. ಬಟ್ಟಿ ತಗದು ಸಾಬಾಣ ಹಚ್ಚಿ ತೊಳದ್ವಿ, ತೊಳ್ಯಾಕ ಹೋದ ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡಿದ್ದೆ. ದವಾಖಾನ್ಯಾಗ ಆ ವಿಷಕ್ಕ ಕೊಡೋ ಅಟ್ರೋಪಿನ್ ಔಷಧ ಹಾಕಿದಮ್ಯಾಲೆ ಮಾರಿ ಕೆಂಪ ಆಗಿ ಏನೇನೋ ಬಡಬಡಿಸಿ ಸಲೈನ್ ಕಿತ್ತಾಕ ಹತ್ತಿದ್ರು, ತಲಿ ಕೆಟ್ಟಿತು ಅಂತ ನಾ ಅತ್ತೆ. ಅದು ಔಷಧದ ಪರಿಣಾಮ, ಡೋಸ್ ಕಡಿಮಿ ಮಾಡಿದ್ರ ಹೋಗತೈತಿ ಅಂತ ಯಾರರೆ ಮೊದಲ ಹೇಳಿದ್ರ ಅಷ್ಟು ಅಳ್ತಿರಲಿಲ್ಲ.

ಹುಬ್ಬಳ್ಳಿ, ಕೇಶ್ವಾಪುರದಿಂದ:

ದೀಪಾವಳಿ ಸ್ವಚ್ಛ ಮಾಡೂಮುಂದ ಬ್ಲೀಚಿಂಗ್ ಮ್ಯಾಲೆ ಆಸಿಡ್ ಸುರವಬ್ಯಾಡ್ರಿ. ಕ್ಲೋರಿನ್ ಗಾಳಿ ಏಳತೈತಿ. ನಮ್ಮವ್ವಗ ದಮ್ಮು, ಬಚ್ಚಲದಾಗ ಕುಸದ ಬಿದ್ದಿದ್ಲು.

ಗದಗ ಕಡೆಯ ಹಳ್ಳಿಯಿಂದ:

ಇಲಿ ಪೇಸ್ಟ್ ಬಗ್ಗೆ ಯಾರೂ ಬರದಿಲ್ಲ. ಟೂತ್‌ಪೇಸ್ಟ್ ಹಂಗ ಟ್ಯೂಬಿನ್ಯಾಗ ಬರತೈತಿ, ನಮ್ಮ ಅಕ್ಕನ ಮಗಳು ಹಲ್ಲಿಗೆ ಹಚ್ಚಿದ್ಲು. ಹಳದಿ ರಂಜಕ ಇರೂ ಪೇಸ್ಟ್ ಆದ್ರ ಮೊದಲ ದಿನ ವಾಂತಿ, ಆಮ್ಯಾಲೆ ಆರಾಮ ಆಧಂಗ ಕಾಣತೈತಿ, ಎರಡ ಮೂರ ದಿನಕ್ಕ ಲಿವರ್ ಹೊಡೀತೈತಿ. ಡಿಸ್ಚಾರ್ಜ್ ಮಾಡ್ರಿ ಅಂತ ನಾವು ಗಂಟು ಬಿದ್ದಿದ್ವಿ, ಡಾಕ್ಟರ್ ಬಿಡಲಿಲ್ಲ, ರಕ್ತ ತಪಾಸ್ತಾನ ಇದ್ರು. ಅವ್ರು ಬಿಡದಿದ್ದಕ್ಕ ಇವತ್ತ ಸಾಲಿಗೆ ಹೋಗಾಕತ್ತಾಳ.

ಹುಬ್ಬಳ್ಳಿಯಿಂದ, ನರ್ಸ್:

ಒಂದು ಮಾತು ಬಿಟ್ಟಿದ್ದೆ. ಯಾರರೆ ಬೇಕಂತ ತಗೊಂಡಿದ್ರ ಡಾಕ್ಟರ್ ಮುಂದ ಸುಳ್ಳು ಹೇಳಬ್ಯಾಡ್ರಿ, "ಊಟದಾಗ ಏನೋ ಆಗೇತಿ" ಅಂದ್ರ ನಾವು ತಪ್ಪು ದಾರಿ ಹಿಡೀತೀವಿ. ಎಂಎಲ್‌ಸಿ (ಪೊಲೀಸರಿಗೆ ತಿಳಸೋ ಮೆಡಿಕೋ-ಲೀಗಲ್ ಕೇಸ್) ಬರೀತಾರ, ಅದು ಕಾಗದದ ಕೆಲಸ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥೋರು ತೀವ್ರ ಒತ್ತಡದಾಗ ಇದ್ರು ಅಂತಾನ ಹಿಡೀಬೇಕು, ಶಿಕ್ಷಾ ಕೊಡಾಂಗಿಲ್ಲ. ಎಚ್ಚರ ಆದ ಕೂಡಲೇ ಕಾಟಿನ ಸುತ್ತ ನಿಂತು ಬೈಯಬ್ಯಾಡ್ರಿ, ಕೈ ಹಿಡಕೊಂಡು ಕುಂದರ್ರಿ. 14416 ಟೆಲಿ ಮಾನಸ್, ಮನಸ್ಸಿನ ತ್ರಾಸಕ್ಕ ಸರ್ಕಾರದ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ.

ಧಾರವಾಡದಿಂದ, ಕೇಳಿದಾಕಿ:

ಎಲ್ಲಾನೂ ಅತ್ತೀಗೆ ಓದಿ ಹೇಳಿದೆ. ಚಿಮಣಿ ಎಣ್ಣಿ ಮಾತಿಗೆ ಅವ್ರು ಸುಮ್ಮನ ಕುಂತ್ರು, ಆಮ್ಯಾಲೆ ತಾವ ಎದ್ದು ಬಚ್ಚಲದಾಗಿನ ಎಲ್ಲಾ ಬಾಟ್ಲಿ ಮ್ಯಾಲಿನ ಅಟ್ಟಕ್ಕ ಏರಿಸಿದ್ರು. ಮಾವನೋರ ಗುಳಿಗಿ ದಿನಕ್ಕೊಂದು ಮನಿ ಇರೂ ಡಬ್ಬಿಗೆ ಹಾಕಿ ಕಪಾಟಿಗೆ ಕೀಲಿ ಹಾಕೀನಿ, ಟ್ರಮಡಾಲ್ ಅವರೂ ತಗೋತಾರ, ನಾಳೆ ಡಾಕ್ಟರಿಗೆ ಎರಡೂ ಸ್ಟ್ರಿಪ್ ತೋರಸ್ತೀನಿ. ಮಗಳಿಗೆ ಕೆಮ್ಮ ಇಲ್ಲ, ಮೊಸರನ್ನ ತಿಂದು ಮಲಗ್ಯಾಳ, ನಾ ಆಕಿ ಉಸರು ಎಣಿಸ್ಕೊಂತ ಕುಂತೀನಿ.