ಹ್ಯಾಮರ್ ಹವಳದ ಬಣ್ಣ ಮಾಸುತ್ತಿದೆ: ಮೊದಲು ಯಾವುದನ್ನು ಬದಲಿಸಲಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದಲ್ಲಿ; ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಅಲ್ಲಿ ಅವನ್ನು ಮನೆಯಲ್ಲಿ ಸಾಕುವಂತಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ.

ನಮ್ಮ ಅಕ್ವೇರಿಯಂನ ಹ್ಯಾಮರ್ ಹವಳದ (ತುದಿಗಳು ಸುತ್ತಿಗೆಯಂತಿರುವ ಗಟ್ಟಿ ಹವಳ) ಹಸಿರು ಕೆಲವು ವಾರಗಳಿಂದ ಮಾಸುತ್ತಿದ್ದು, ನೀರು ಹರಿಸುವ ಪಂಪಿನ ಎದುರಿಗಿರುವ, ಹವಳದ ಬಿಡಿ ಜೀವಿಗಳಾದ ಪಾಲಿಪ್‌ಗಳು ಹಗಲಿನಲ್ಲಿ ಅರ್ಧವೂ ಅರಳುತ್ತಿಲ್ಲ. ಹಿಂಬದಿಯವು ಮಾತ್ರ ತುಂಬಿಕೊಂಡು ನಿಧಾನವಾಗಿ ತೂಗಾಡುತ್ತಿವೆ. ಉಷ್ಣತೆ 25.5 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ 35 ಪಿಪಿಟಿ (ಸಾವಿರದಲ್ಲಿ 35 ಭಾಗ), ಆಲ್ಕಲಿನಿಟಿ ಅಂದರೆ ಕ್ಷಾರತೆ 8.5 ಡಿಕೆಎಚ್ (ಅದರ ಅಳತೆಯ ಮಾನ), ಕ್ಯಾಲ್ಸಿಯಂ 430 ಪಿಪಿಎಂ, ಇವೆಲ್ಲ ಸ್ಥಿರವಾಗಿವೆ. ಆದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆ ತೋರಿಸುತ್ತಿವೆ, ಹವಳವಿರುವ ಜಾಗದಲ್ಲಿ ಬೆಳಕಿನ ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಸುಮಾರು 200 ಇದೆ. ಹವಳದ ಅಂಗಾಂಶದೊಳಗಿನ ಪಾಚಿಗಳು ಬೆಳಕಿನಿಂದ ಸಕ್ಕರೆ ತಯಾರಿಸಿಕೊಟ್ಟರೂ ಸಾರಜನಕ, ರಂಜಕಗಳು ನೀರಿನಿಂದಲೋ ಆಹಾರದಿಂದಲೋ ಬರಬೇಕಾದ್ದರಿಂದ, ಪೋಷಕಾಂಶವಿಲ್ಲದ ಈ ನೀರಿಗೆ ಇಷ್ಟು ಬೆಳಕು ಹೆಚ್ಚಾಯಿತೆಂಬುದು ನನ್ನ ಅನುಮಾನ. ಪಾಲಿಪ್‌ಗಳು ಮುದುಡಿರುವುದಕ್ಕೆ ಮಾತ್ರ ನೇರವಾಗಿ ಬಡಿಯುವ ಹರಿವೇ ಕಾರಣವೆನ್ನಿಸುತ್ತದೆ.

ಹರಿವು, ಬೆಳಕು, ಆಹಾರ ಈ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು, ಹವಳಕ್ಕೂ ಅದು ಆಘಾತವೇ. ಅನುಭವವುಳ್ಳವರು ದಯವಿಟ್ಟು ತಿಳಿಸಿ: ಮೊದಲು ಪಂಪನ್ನು ಗಾಜಿನ ಕಡೆಗೆ ತಿರುಗಿಸಲೇ, ಅಥವಾ ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಲೇ? ಆಹಾರವಾಗಿ ಮೈಸಿಸ್ ಎಂಬ ಪುಟ್ಟ ಸಿಗಡಿಯ ಚೂರುಗಳನ್ನು ಮುದುಡಿದ ಪಾಲಿಪ್‌ಗಳಿಗೂ ಕೊಡಬಹುದೇ, ಅವು ಅರಳುವವರೆಗೆ ಕಾಯಬೇಕೇ? ಮಾಂಸಲ ಭಾಗ ಇನ್ನೂ ಅಸ್ಥಿಪಂಜರದಿಂದ ಬಿಟ್ಟುಕೊಂಡಿಲ್ಲ. ಹಾಗಾಗುವ ಮೊದಲೇ ಇದನ್ನು ಉಳಿಸಿಕೊಳ್ಳಬೇಕೆಂದು ಕೇಳುತ್ತಿದ್ದೇನೆ.