ಮಗಳ ಸೋಷಿಯಲ್ ಸ್ಟಡೀಸ್ ಪದಗಳು: ನೀವು ಹೇಗೆ ಕಲಿಸಿದಿರಿ?

ಕೇಳಿದವರು: ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನ ಒಬ್ಬ ತಾಯಿ
ಮಗಳು ಮೂರನೇ ಕ್ಲಾಸು. ಕಮ್ಯುನಿಟಿ, ಅರ್ಬನ್, ಸಬರ್ಬನ್, ರೂರಲ್, ಕಾಲನಿ, ಸೆಟ್ಲರ್, ಟ್ಯಾಕ್ಸ್ ಅಂತ ಉದ್ದ ಪಟ್ಟಿ ಕೊಟ್ಟಿದ್ದಾರೆ. ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಾಳೆ. ನಾನು ಓದಿದ್ದು ದಾವಣಗೆರೆಯಲ್ಲಿ, ಅಮೆರಿಕದ ಇತಿಹಾಸ ನನಗೂ ಹೊಸದು. ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ತಂದೆ
ಊರಿನ ಪದಗಳಿಗೆ ಪುಸ್ತಕವೇ ಬೇಡ ಮೇಡಂ. ನೀವಿರುವ ಎಡಿಸನ್ನೇ ಸಬರ್ಬ್, ಅಂದರೆ ದೊಡ್ಡ ನಗರದ ಹೊರವಲಯದ ಊರು. ರೈಲು ಹತ್ತಿ ನ್ಯೂಯಾರ್ಕಿಗೆ ಹೋದರೆ ಅರ್ಬನ್. ಹಂಟರ್ಡನ್ ಕೌಂಟಿ ಕಡೆ ಕಾರು ತಿರುಗಿಸಿದರೆ ಹೊಲ, ತೋಟ, ಅದೇ ರೂರಲ್. ಮನೆಗಳ ನಡುವೆ ಜಾಗ ಎಷ್ಟಿದೆ, ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಅಂತ ಅವಳನ್ನೇ ಕೇಳಿ.

ಶಾಲೆಯಲ್ಲಿ ಪಾಠ ಮಾಡುವವರು
ಇತಿಹಾಸದ ಪದಗಳನ್ನು ಪಟ್ಟಿಯ ಸಾಲಿನಲ್ಲಿ ಓದಿಸಬೇಡಿ, ನಡೆದ ಕ್ರಮದಲ್ಲಿ ಕಥೆಯಾಗಿ ಹೇಳಿ. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನ್‌ಗೆ ಬಂದರು. ಸೆಟ್ಲರ್ (ಬಂದು ನೆಲೆಸಿದವರು), ಕಾಲನಿ (ವಸಾಹತು) ಎರಡೂ ಪದ ಅಲ್ಲೇ ಬಂದವು. 1620ರಲ್ಲಿ ಇಂಗ್ಲೆಂಡಿನಿಂದ ಇನ್ನಷ್ಟು ಜನರನ್ನು ಹೊತ್ತು ಮೇಫ್ಲವರ್ ಹಡಗು ಬಂತು, ಅವರು ಪ್ಲಿಮತ್‌ನಲ್ಲಿ ನೆಲೆಸಿದರು. ಅಲ್ಲಿನ ಮೊದಲ ಚಳಿಗಾಲದಲ್ಲೇ ಹೆಚ್ಚುಕಮ್ಮಿ ಅರ್ಧ ಜನ ತೀರಿಕೊಂಡರು. ಉಳಿದವರಿಗೆ ಮೆಕ್ಕೆಜೋಳ ಬೆಳೆಯುವುದನ್ನು ತೋರಿಸಿಕೊಟ್ಟವನು ಅಲ್ಲಿನ ಮೂಲನಿವಾಸಿ ಟಿಸ್ಕ್ವಾಂಟಮ್. ಆ ನೆಲದಲ್ಲಿ ಮೊದಲೇ ಜನರಿದ್ದರು, ಅವರದ್ದೂ ಕಮ್ಯುನಿಟಿ. ಇದನ್ನು ಮಾತ್ರ ಬಿಡಬೇಡಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಹೇಳಿ.

ಟ್ಯಾಕ್ಸ್ ಬಂದಾಗ ಬಾಸ್ಟನ್ ಚಹಾ ಗಲಾಟೆ ಹೇಳಿ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಮ್ಮವರು ಯಾರೂ ಇಲ್ಲ, ಮತ್ತೆ ತೆರಿಗೆ ಯಾಕೆ ಅನ್ನುವುದು ಕಾಲನಿಯ ಜನರ ಸಿಟ್ಟು. 1773ರ ಡಿಸೆಂಬರ್‌ನಲ್ಲಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ಆ ಚಹಾ ನಮಗೂ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯದು!

ಮೈಸೂರು ಕಡೆಯವರು
ಇನ್ನೊಂದು ನಂಟು ಸೇರಿಸುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಸೈನ್ಯಕ್ಕೆ ಶರಣಾದ ದಳ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನದು. ಅದೇ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯ ಬಿಡಿಸಿಕೊಂಡ. ಇದನ್ನು ಹೇಳಿದ ಮೇಲೆ ನನ್ನ ಮಗ ತಾನಾಗೇ ಪ್ರಶ್ನೆ ಕೇಳೋಕೆ ಶುರುಮಾಡಿದ. ಅಜ್ಜಿಯ ಊರಿಗೆ ಹೋದಾಗ ಕೋಟೆಯನ್ನೂ ತೋರಿಸಿದೆವು.

ಫಿಲಡೆಲ್ಫಿಯಾದಿಂದ
ಒಂದು ಶನಿವಾರ ಇಲ್ಲಿಗೆ ಬನ್ನಿ. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ, ಎರಡೂ ಇಲ್ಲಿನ ಇಂಡಿಪೆಂಡೆನ್ಸ್ ಹಾಲ್ ಅನ್ನೋ ಒಂದೇ ಕಟ್ಟಡದಲ್ಲಿ ಆದವು. ಸುತ್ತಲಿನ ಬೀದಿಗಳನ್ನೂ ನೋಡಿ. ಈ ನಗರ ಕಟ್ಟಿದ ವಿಲಿಯಂ ಪೆನ್ 1682ರಲ್ಲೇ ಚೌಕ ಚೌಕವಾಗಿ ನಗರದ ನಕ್ಷೆ ಹಾಕಿಸಿದ್ದ. ಸಿಟಿ ಅಂದರೇನು ಅಂತ ನಡೆದೇ ತಿಳಿಯುತ್ತದೆ. ಟಿಕೆಟ್ ಮೊದಲೇ ಬುಕ್ ಮಾಡಿಕೊಳ್ಳಿ, ರಜೆಯಲ್ಲಿ ಜನ ಜಾಸ್ತಿ.